ತುಂಗಮ್ಮ ಮಾತು ನಿಲ್ಲಿಸಿದ ಬೆಳಿಗ್ಗೆ

ಕೊಳವೆ ಉಸಿರುನಾಳಕ್ಕೆ ಹೋಗುವ ಬದಲು ಅನ್ನನಾಳಕ್ಕೆ ಇಳಿಯಬಹುದಿತ್ತು. ಸರಿಯಾದ ದಾರಿಯಲ್ಲೇ ಹೋಗಿ, ಧ್ವನಿ ಹುಟ್ಟಿಸುವ ತಂತುಗಳನ್ನು ಹರಿಯಬಹುದಿತ್ತು. ರೋಗಿ ಹೆದರಿ ತಾನೇ ಅದನ್ನು ಕಿತ್ತೆಸೆಯಬಹುದಿತ್ತು. ಅಲುಗುತ್ತಿದ್ದ ಹಲ್ಲೊಂದು ಕಳಚಿ ಶ್ವಾಸಕೋಶಕ್ಕೆ ಬೀಳಬಹುದಿತ್ತು. ರಕ್ತ ಹೆಪ್ಪುಗಟ್ಟಿ ಕೊಳವೆಯ ಬಾಯಿ ಮುಚ್ಚಿಹೋಗಬಹುದಿತ್ತು. ಕ್ಲೋರೋಫಾರ್ಮ್ ಹೆಚ್ಚಾದರೆ ಎದೆ ನಿಲ್ಲಬಹುದಿತ್ತು. ಕಡಿಮೆಯಾದರೆ ರೋಗಿ ನಡುವೆಯೇ ಎದ್ದು ಕೂರಬಹುದಿತ್ತು. ಸರ್ಜನ್ ದೊರೆಗಳು ಬೆಳಗಿನ ಸವಾರಿಯಲ್ಲಿ ಕುದುರೆಯಿಂದ ಬಿದ್ದು ಬರದೇ ಹೋಗಬಹುದಿತ್ತು. ನನಗೆ ಸೀನು ಬರಬಹುದಿತ್ತು. ನಾನೇ ಮೂರ್ಛೆ ಹೋಗಬಹುದಿತ್ತು. ನನ್ನನ್ನು ಬಲ್ಲವರು, ಇದನ್ನು ಮೊದಲು ಹೇಳಬೇಕಿತ್ತು ಎನ್ನುತ್ತಾರೆ.

ಇದರಲ್ಲಿ ಅರ್ಧದಷ್ಟನ್ನು ನಾನು ಸಿರುಗುಪ್ಪ ಬಿಡುವ ಮೊದಲೇ ಊಹಿಸಿ ನನ್ನ ಹೆಂಡತಿಗೆ ವಿವರವಾಗಿ ಹೇಳಿದ್ದೆ. ಅವಳು ಎಲ್ಲವನ್ನೂ ಕೇಳಿ, "ಹಂಗಾದ್ರ ಬುತ್ತಿ ಎಷ್ಟು ದಿನದ್ದು ಕಟ್ಟಲಿ?" ಎಂದಳು.

ಅದು ೧೮೯೧ನೆಯ ಇಸವಿ. ನಾನು ಸಿರುಗುಪ್ಪದ ಸರ್ಕಾರಿ ದವಾಖಾನೆಯಲ್ಲಿ ಹಾಸ್ಪಿಟಲ್ ಅಸಿಸ್ಟೆಂಟ್ ಆಗಿದ್ದೆ. ಈ ಹುದ್ದೆಯ ವಿಷಯ ತಿಳಿಯದವರಿಗೆ ಹೇಳಬೇಕೆಂದರೆ, ಇವನು ಡಾಕ್ಟರನಿಗಿಂತ ಕಡಿಮೆ, ಔಷಧಿ ಕಲೆಸುವವನಿಗಿಂತ ಹೆಚ್ಚು. ಊರಿನವರು ಡಾಕ್ಟರ್ ಎಂದು ಕರೆಯುತ್ತಾರೆ; ಡಾಕ್ಟರುಗಳು ಹೆಸರು ಹಿಡಿದು ಕರೆಯುತ್ತಾರೆ. ಹುಣ್ಣು ತೊಳೆಯುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು, ಜ್ವರಕ್ಕೆ ಕ್ವಿನೈನ್ ಕೊಡುವುದು ನನ್ನ ನಿತ್ಯದ ಕೆಲಸ. ಇದಕ್ಕೆ ಮೊದಲು ಕೆಲವು ವರ್ಷ ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿದ್ದು, ಆಪರೇಷನ್ನಿನ ಹೊತ್ತಿನಲ್ಲಿ ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವುದನ್ನು ಕಲಿತಿದ್ದೆ. ಆ ಕೆಲಸಕ್ಕೆ ನನ್ನನ್ನು ಆರಿಸಿದ್ದು ನನ್ನ ಅಂಜುಬುರುಕತನದಿಂದಲೇ. ಬೇರೆಯವರು ಕೊಯ್ಯುವುದನ್ನು ನೋಡುತ್ತ ಮೈಮರೆಯುತ್ತಿದ್ದರು. ನನಗೆ ರಕ್ತದ ಕಡೆ ನೋಡುವ ಧೈರ್ಯವಿಲ್ಲದ್ದರಿಂದ ರೋಗಿಯ ಉಸಿರನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ತುಂಗಮ್ಮನವರು ಸಿರುಗುಪ್ಪದ ಲೆಕ್ಕ ಬರೆಯುವ ಕರಣಂ ಹನುಮಂತರಾಯರ ಹೆಂಡತಿ. ವಯಸ್ಸು ನಲವತ್ತರ ಆಚೀಚೆ. ಕೆಳದವಡೆಯ ಬಲಭಾಗದಲ್ಲಿ ಎದ್ದ ಗಡ್ಡೆಯೊಂದು ಬೆಳೆಯುತ್ತ ಬೆಳೆಯುತ್ತ ನಾಲಗೆಯನ್ನು ಒಂದು ಮಗ್ಗುಲಿಗೆ ತಳ್ಳಿ, ಗಂಟಲಿನ ದಾರಿಯನ್ನೇ ಇಕ್ಕಟ್ಟು ಮಾಡಿತ್ತು. ಅನ್ನ ನುಂಗುವುದು ನಿಂತು, ಗಂಜಿ ಮಜ್ಜಿಗೆಯಲ್ಲೇ ಜೀವ ಹಿಡಿದಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಇಷ್ಟಾದರೂ ಅವರ ಮಾತು ಮಾತ್ರ ನಿಂತಿರಲಿಲ್ಲ. ದನಿ ದಪ್ಪಗಾಗಿತ್ತು, ಕೆಲವು ಅಕ್ಷರಗಳು ತೊದಲುತ್ತಿದ್ದವು, ಅಷ್ಟೆ.

"ಎಷ್ಟು ದಿನ ಆತು ತಾಯಿ ಇದು?" ಎಂದು ಮೊದಲ ಸಲ ನೋಡಿದಾಗ ಕೇಳಿದೆ.

"ನೀವು ಈ ಊರಿಗೆ ಬರೂಕಿಂತ ಮೊದಲಿಂದನೂ ಅದ. ನಿಮ್ಮಿಂದ ಬಂದದ್ದಲ್ಲ, ಹೆದರಬ್ಯಾಡ್ರಿ."

ನನ್ನ ಮುಖ ನೋಡಿದವರಿಗೆಲ್ಲ ನಾನು ಹೆದರಿದ್ದೇನೆ ಎನ್ನುವುದು ತಕ್ಷಣ ತಿಳಿಯುತ್ತದೆ. ಅದು ನಿಜವೂ ಆಗಿತ್ತು. ಹೀಗೇ ಬಿಟ್ಟರೆ ಅವರು ಹಸಿವಿನಿಂದಲೋ ಉಸಿರು ಕಟ್ಟಿಯೋ ಸಾಯುವುದು ಖಂಡಿತ. ಬಳ್ಳಾರಿಯ ಜಿಲ್ಲಾ ಸರ್ಜನ್ನರಿಗೆ ವಿಷಯ ತಿಳಿಸಿದೆ. ಕರೆದುಕೊಂಡು ಬಾ, ನೀನೂ ಬಾ ಎಂದು ಉತ್ತರ ಬಂತು.

ಎರಡು ಗಾಡಿ ಕಟ್ಟಿಸಿ ಹೊರಟೆವು. ಮುಂದಿನ ಗಾಡಿಯಲ್ಲಿ ಗಂಡ ಹೆಂಡತಿ, ಹಿಂದಿನದರಲ್ಲಿ ನಾನು. ತೆಕ್ಕಲಕೋಟೆ ದಾಟಿ ಕುರುಗೋಡಿಗೆ ಬಂದು, ಅಲ್ಲಿ ತುಂಗಮ್ಮನವರ ಅಕ್ಕ ಗಂಗಕ್ಕನವರ ಮನೆಯಲ್ಲಿ ಇಳಿದೆವು. ಗಂಗಕ್ಕ ತಂಗಿಯ ಮುಖ ಸವರಿ, ನನ್ನ ಕಡೆ ತಿರುಗಿ, "ದವಡಿ ಕೊಯ್ದು ಮ್ಯಾಲೆ ಜೀವ ಉಳಸ್ತೀರಂತ. ಗಿಡ ಕಡಿದು ನೆರಳು ಉಳಿಸಿದಂಗಾತು," ಎಂದರು.

ನನಗೂ ಹಾಗೇ ಅನ್ನಿಸಿತ್ತು. ತುಂಗಮ್ಮನೇ ಮಾತು ತೆಗೆದರು. "ಅಕ್ಕಾ, ಬರೂದಾದ್ರ ನೀನೂ ಬಾ. ಅಳೂದಿದ್ರ ಈಗs ಅತ್ತು ಮುಗಿಸಿ ಬಾ."

"ಬರ್ತೀನಿ. ಆದರ ನಿನಗ ಏನರ ಮಾಡಾಕ ಹತ್ತಿದ್ರು ಅಂದ್ರ ನಾ ಅಲ್ಲಿ ಒಂದು ಗಳಿಗಿ ನಿಲ್ಲಾಕಿ ಅಲ್ಲ, ಹೇಳಿರ್ತೀನಿ. ನನ್ನ ಗಾಡಿ ನನ್ನ ಜೋಡಿನs ಇರಲಿ."

ಹೀಗೆ ಮೂರನೆಯ ಗಾಡಿಯೂ ಸೇರಿತು.

ಬಳ್ಳಾರಿಯ ಸರ್ಜನ್ ದೊರೆಗಳು ಎತ್ತರದ ಆಳು, ಮಾತು ಕಡಿಮೆ. ಮದ್ರಾಸಿನ ನೌಕರಿಗೆಂದು ಕಲಿತ ತೆಲುಗು ಅವರಿಗೆ ಸ್ವಲ್ಪ ಬರುತ್ತಿತ್ತು. ಬಳ್ಳಾರಿಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. "ನೋರು ತೆರುವಮ್ಮಾ" ಎಂದು ಬಾಯಿ ತೆರೆಸಿ, ದೀಪ ಹಿಡಿದು, ಮುಟ್ಟದೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಗಡ್ಡೆ ಕೆಟ್ಟ ಜಾತಿಯದಲ್ಲ. ದವಡೆಯ ಆ ತುಂಡಿನೊಡನೆ ತೆಗೆದರೆ ಮತ್ತೆ ಬರುವ ಸಂಭವ ಕಡಿಮೆ. ತೊಡಕಿರುವುದು ಕೊಯ್ಯುವುದರಲ್ಲಲ್ಲ, ಉಸಿರಿನಲ್ಲಿ.

ಅದು ಹೀಗೆ. ಕಾಲನ್ನೋ ಕೈಯನ್ನೋ ಕೊಯ್ಯುವಾಗ ಮುಖದ ಮೇಲೆ ಕ್ಲೋರೋಫಾರ್ಮಿನ ಬಟ್ಟೆ ಹಿಡಿದರೆ ಸಾಕು. ಬಾಯೊಳಗೇ ಕೊಯ್ಯುವಾಗ ಬಟ್ಟೆ ಹಿಡಿಯುವವನೂ ಕತ್ತಿ ಹಿಡಿದವನೂ ಒಂದೇ ಜಾಗಕ್ಕೆ ಜಗಳವಾಡಬೇಕಾಗುತ್ತದೆ. ಜೊತೆಗೆ, ಎಚ್ಚರವಿಲ್ಲದ ಮನುಷ್ಯ ಕೆಮ್ಮಲಾರ. ಬಾಯಲ್ಲಿ ಸುರಿಯುವ ರಕ್ತ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದಕ್ಕೆ ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯ ಟ್ರೇಕಿಯಾಟಮಿ. ಅಂದರೆ ಕೊರಳಿನ ಮುಂಭಾಗದಲ್ಲಿ, ಗಂಟಲ ಗುಬುಟಿನ ಕೆಳಗೆ, ಉಸಿರುನಾಳಕ್ಕೇ ಒಂದು ತೂತು ಕೊರೆದು ಅಲ್ಲಿಂದ ಉಸಿರಾಡಿಸುವುದು.

ಇದನ್ನು ಆದಷ್ಟು ಮೆತ್ತಗೆ ತುಂಗಮ್ಮನವರಿಗೆ ತಿಳಿಸಿದೆ. ಅವರು ಕೊರಳ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಎಲ್ಲೆ, ಇಲ್ಲೇನು?"

"ಹೌದು ತಾಯಿ."

"ಇಲ್ಲಿ ತಾಳಿ ಅದಲ್ಲ."

"ಅದನ್ನ ಸ್ವಲ್ಪ ದಿನದ ಮಟ್ಟಿಗೆ..."

"ಬಿಚ್ಚಿ ಇಡಬೇಕಂತೀರಿ." ಅವರು ಗಂಡನ ಕಡೆ ನೋಡಿದರು. ಹನುಮಂತರಾಯರು ನೆಲ ನೋಡುತ್ತಿದ್ದರು. "ಅವರು ಇಲ್ಲೇ ಕೂತಾರ, ಕಲ್ಲಿನಂಗ. ಅವರು ಇರೂತನಕ ಇದನ್ನ ಬಿಚ್ಚಂಗಿಲ್ಲ. ಕೊರಳಿಗೆ ತೂತೂ ಬ್ಯಾಡ. ಹಿಂಗs ಊರಿಗೆ ಕರಕೊಂಡು ಹೋಗ್ರಿ, ಕೂತಲ್ಲೇ ಹೋಗ್ತೀನಿ."

ಸಿಟ್ಟಿಲ್ಲದೆ, ಸಂತೆಯಲ್ಲಿ ಬದನೆಕಾಯಿ ಬೇಡವೆನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಭಯವಾಯಿತು. ಅಳುವವರನ್ನು ಒಪ್ಪಿಸಬಹುದು.

ದೊರೆಗಳು ಸಿಡುಕಲಿಲ್ಲ. ಆ ಸಂಜೆಯೆಲ್ಲ ತಮ್ಮ ವೈದ್ಯಪತ್ರಿಕೆಗಳನ್ನು ತಿರುವಿಹಾಕಿ, ಮರುದಿನ ನನ್ನನ್ನು ಕರೆಸಿದರು. ತಮ್ಮ ದೇಶದ ಸರ್ಜನ್ ಒಬ್ಬರು ಕೊರಳು ಕೊಯ್ಯದೆ, ಬಾಯಿಯ ಮೂಲಕವೇ ಉಸಿರುನಾಳಕ್ಕೆ ಕೊಳವೆ ಇಳಿಸಿ, ಅದರ ಮೂಲಕ ಕ್ಲೋರೋಫಾರ್ಮ್ ಕೊಟ್ಟಿದ್ದಾರೆ. ಕೊಳವೆಯ ಸುತ್ತ ಗಂಟಲಿಗೆ ಸ್ಪಂಜು ತುರುಕಿದರೆ ರಕ್ತ ಕೆಳಗಿಳಿಯುವುದಿಲ್ಲ. ಕಣ್ಣಿಗೆ ಕಾಣದ ಜಾಗವಾದ್ದರಿಂದ ಬೆರಳೇ ಕಣ್ಣು. ತೋರುಬೆರಳನ್ನು ನಾಲಗೆಯ ಬುಡದವರೆಗೆ ಇಳಿಸಿ, ಉಸಿರುನಾಳದ ಬಾಯಿಗೆ ಮುಚ್ಚಳದಂತಿರುವ ಎಪಿಗ್ಲಾಟಿಸ್ ಎಂಬ ಎಳೆಯ ಮೂಳೆಯನ್ನು ಮುಂದಕ್ಕೆ ಎತ್ತಿ ಹಿಡಿದು, ಬೆರಳಿನ ಗುಂಟ ಕೊಳವೆಯನ್ನು ಜಾರಿಸಬೇಕು. ಇದನ್ನು ರೋಗಿ ಪೂರ್ತಿ ಎಚ್ಚರವಿರುವಾಗಲೇ ಮಾಡಬೇಕು. ಕೊಳವೆ ಕೂತ ಮೇಲೆ ನಿದ್ದೆ. ಅದಕ್ಕೆ ಮೊದಲು ಕೆಲವು ದಿನ ದಿನವೂ ಹಾಕಿ ತೆಗೆದು ಗಂಟಲಿಗೆ ರೂಢಿ ಮಾಡಿಸಬೇಕು.

ತುಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಯಾರ ಬೆರಳು?"

"ದೊರೆಗಳದು ತಾಯಿ."

"ಕೊಯ್ಯೂದು ಅವರು ಕೊಯ್ಯಲಿ. ನನಗ ನಿದ್ದಿ ಬಂದಮ್ಯಾಲೆ ಯಾರ ಕೈಯೋ, ಯಾವ ಕತ್ತಿನೋ, ಕೃಷ್ಣಾರ್ಪಣ. ಆದರ ಎಚ್ಚರ ಇರೂತನಕ ಆ ಬೆರಳು ನನ್ನ ಬಾಯಾಗ ಬರಂಗಿಲ್ಲ. ಅವರು ಏನು ತಿಂತಾರ ಅನ್ನೂದು ನನಗ ಗೊತ್ತದ."

"ಮತ್ತ ಯಾರ ಬೆರಳು?"

"ನಿಮಗ ಇಲ್ಲೇನು?"

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ, ದೊರೆಗಳು ಕೋಪಿಸಿಕೊಂಡು ಈ ಕೇಸೇ ಬೇಡವೆನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವರು ನನ್ನ ಕೈ ಹಿಡಿದು ಬೆರಳಿನ ಉದ್ದ ನೋಡಿ, ಸಾಲುತ್ತದೆ ಎಂದರು. ದಕ್ಷಿಣದ ಜಿಲ್ಲೆಗಳಲ್ಲಿ ಆವರೆಗೆ ಯಾರಾದರೂ ಇದನ್ನು ಮಾಡಿದ್ದರೋ ಇಲ್ಲವೋ ನಾನು ಕೇಳಿರಲಿಲ್ಲ. ಅಂಥ ಕೆಲಸಕ್ಕೆ ನಾನು ನೇಮಕವಾದದ್ದು ಕೈಚಳಕಕ್ಕಲ್ಲ, ಜನಿವಾರಕ್ಕೆ.

ದೊರೆಗಳು ಒಂದು ಮಾತನ್ನು ಖಂಡಿತವಾಗಿ ಹೇಳಿದರು. ಕೊಳವೆ ಕೈಕೊಟ್ಟು ಉಸಿರು ನಿಂತರೆ ತಾವು ಕೊರಳಿಗೆ ಕತ್ತಿ ಹಾಕುವವರೇ. ಅಲ್ಲಿ ಏನು ನೇತಾಡುತ್ತಿದೆ ಎಂದು ನೋಡುವವರಲ್ಲ. ಇದನ್ನೂ ತುಂಗಮ್ಮನವರಿಗೆ ತಿಳಿಸಿದೆ.

"ಹಂಗಾದ್ರ ಅದು ಕೈಕೊಡಧಂಗ ನೀವು ನೋಡಿಕೊಳ್ರಿ," ಎಂದರು.

ಕೊಳವೆ ಬೆಳ್ಳಿಯದೇ ಆಗಬೇಕು ಎನ್ನುವುದು ಅವರದೇ ಷರತ್ತು. ಹಿತ್ತಾಳೆಗೆ ಎಂಜಲು ಅಂಟುತ್ತದೆ, ಬೆಳ್ಳಿಯನ್ನು ತೊಳೆದರೆ ಸಾಕು. ದೇವರ ಪೆಟ್ಟಿಗೆಯಿಂದ ಒಂದು ಹಳೆಯ ಬೆಳ್ಳಿ ಬಟ್ಟಲು ಬಂತು. ದೊರೆಗಳು ಬರೆದುಕೊಟ್ಟ ನಕ್ಷೆಯಂತೆ ಪೇಟೆಯ ಅಕ್ಕಸಾಲಿಗರು ಅದನ್ನು ಕರಗಿಸಿ, ಗಂಟಲಿನ ಬಾಗಿಗೆ ಹೊಂದುವಂತೆ ಬಾಗಿದ ಕೊಳವೆ ಮಾಡಿದರು. ನಾನು ಅದರ ತುದಿಯನ್ನು ನನ್ನ ಕೆನ್ನೆಗೆ ಉಜ್ಜಿ ಉಜ್ಜಿ ನೋಡಿ, ಚೂಪಿದೆ ಎಂದು ಹಿಂದಿರುಗಿಸುತ್ತಲೇ ಹೋದೆ. ಕೊನೆಗೆ ಅವರು, "ರಾಯರ, ಇನ್ನೂ ತಿಕ್ಕಿದ್ರ ಕೊಳವಿ ಉಳಿಯಂಗಿಲ್ಲ, ಬರೇ ತೂತು ಉಳಿತೈತಿ," ಎಂದು ಕೈಗೆ ಹಾಕಿ ಕಳಿಸಿದರು.

ಸ್ಪಂಜಿನ ಸಮಸ್ಯೆಯೂ ಬಂತು. ಆ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಹುಸೇನ್ ಸಾಬರು ಬಳ್ಳಾರಿಯ ಕೌಲ್ ಬಜಾರಿನವರು, ಸುಳ್ಳು ಬಾರದ ಮನುಷ್ಯ. ಇದೇನು ಎಂದು ತುಂಗಮ್ಮ ಕೇಳಿದ್ದಕ್ಕೆ, "ಸಮುದ್ರದಾಗ ಇರ್ತೈತ್ರಿ ಅಮ್ಮಾ, ಒಂದು ನಮೂನಿ ಪ್ರಾಣಿ," ಎಂದುಬಿಟ್ಟರು. ನಾನು ಅವರ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು. ಸ್ಪಂಜಿನ ಬದಲು ಹನುಮಂತರಾಯರ ಹಳೆಯ ಧೋತರವನ್ನು ಪಟ್ಟಿಪಟ್ಟಿಯಾಗಿ ಹರಿದು, ಕುದಿಸಿ ಒಣಗಿಸಿದ್ದಾಯಿತು. ಕುದಿಸಿದ್ದು ಮಡಿಗಾಗಿ; ದೊರೆಗಳಿಗೆ ಅದು ಬೇರೆ ಕಾರಣಕ್ಕೆ ಮೆಚ್ಚಿಗೆಯಾಯಿತು.

ನನ್ನ ಕೈಗೆ ರೂಢಿಯಾಗಲೆಂದು ಶವಾಗಾರದಲ್ಲಿ, ವಾರಸುದಾರರಿಲ್ಲದ ಹೆಣಗಳ ಮೇಲೆ, ರಬ್ಬರಿನ ಬೇರೊಂದು ಕೊಳವೆಯಿಂದ ಅಭ್ಯಾಸ ಮಾಡಬೇಕಾಯಿತು. ಹುಸೇನ್ ಸಾಬರು ತಲೆ ಹಿಡಿಯುತ್ತಿದ್ದರು. "ರಾಯರ, ಬೆರಳು ಮುಂದ ಹೊಕ್ಕೈತಿ, ನೀವು ಹಿಂದ ಸರಿಯಾಕ ಹತ್ತೀರಿ. ಇಬ್ಬರೂ ಒಂದs ಕಡಿ ಹೋಗ್ರಿ," ಎಂದು ಹೇಳಿಕೊಟ್ಟರು. ಪ್ರತಿ ಸಲವೂ ಸ್ನಾನ ಮಾಡಿ ಮಾಡಿ ನನಗೆ ನೆಗಡಿಯಾಯಿತು. ಅಂದಿನಿಂದ ಸೀನಿನ ಚಿಂತೆಯೂ ಸೇರಿಕೊಂಡಿತು.

ತುಂಗಮ್ಮನವರ ಮುಂದೆ ಮೊದಲ ಸಲ ಕೊಳವೆ ಹಿಡಿದು ಕೂತಾಗ ಅವರು ಕೇಳಿದರು. "ನನಗಿಂತ ಮೊದಲ ಯಾರಿಗರ ಹಾಕೀರೇನು?"

"ಹಾಕೀನಿ ತಾಯಿ."

"ಏನಂದ್ರು ಅವರು?"

"ಯಾರೂ ತಕರಾರು ಮಾಡಲಿಲ್ಲ."

ಅವರು ನನ್ನ ಒದ್ದೆ ಕೂದಲನ್ನೂ ಮೂಗನ್ನೂ ನೋಡಿದರು. "ಸತ್ತವರೇನು?"

ಹೌದೆಂದೆ.

"ಹಂಗಾದ್ರ ನಿಮಗ ಕೆಮ್ಮು ಅಂದ್ರೇನು, ಕಚ್ಚೂದಂದ್ರೇನು, ಇನ್ನ ಗೊತ್ತಿಲ್ಲ," ಎಂದು ಬಾಯಿ ತೆರೆದರು.

ಆ ದಿನವೇ ಗೊತ್ತಾಯಿತು. ಮಾರನೆಯ ದಿನದಿಂದ ಬೆರಳಿಗೆ ತಗಡಿನ ಕವಚ ಹಾಕಿಕೊಂಡೆ, ಎಡಗಡೆಯ ಹಲ್ಲುಗಳ ನಡುವೆ ಮರದ ಬಿರಡೆ ಇಟ್ಟೆ. ಕಣ್ಣಿನ ಆಪರೇಷನ್ನಿಗೆಂದು ಇಟ್ಟಿದ್ದ ಕೋಕೇನ್ ದ್ರಾವಣದಲ್ಲಿ ಸ್ವಲ್ಪವನ್ನು ದೊರೆಗಳು ಕೊಟ್ಟರು. ಅದನ್ನು ಗಂಟಲಿಗೆ ಸವರಿದರೆ ಅಲ್ಲಿಯ ಚರ್ಮ ಜೋಮು ಹಿಡಿಯುತ್ತದೆ. ದಿನವೂ ಬೆಳಿಗ್ಗೆ ಅವರ ಸ್ನಾನ, ನನ್ನ ಸ್ನಾನ, ಆಮೇಲೆ ಈ ಹೋರಾಟ. ಹೊಟ್ಟೆ ಖಾಲಿಯಿರುವಾಗಲೇ ಮಾಡಬೇಕಾದ್ದರಿಂದ ಆ ಹೊತ್ತಿಗೆ ಗಂಗಕ್ಕ ನಾವು ಇಳಿದುಕೊಂಡಿದ್ದ ಛತ್ರದಲ್ಲಿ ಮಡಿಯಲ್ಲಿ ಗಂಜಿ ಕಾಯಿಸುತ್ತ ಇರುತ್ತಿದ್ದರು. ಇದನ್ನೆಲ್ಲ ನೋಡಲಾರೆ ಎಂದು ಅವರು ಆಸ್ಪತ್ರೆಯ ಕಡೆ ಬರುತ್ತಲೇ ಇರಲಿಲ್ಲ.

ಕೊಳವೆ ಸರಿಯಾದ ಕಡೆ ಹೋಗಿದೆಯೆಂದು ತಿಳಿಯಲು ದೊರೆಗಳು ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು. ಉಸಿರುನಾಳದಲ್ಲಿ ಕೊಳವೆ ಕೂತರೆ ಗಾಳಿಯೆಲ್ಲ ಅದರೊಳಗಿಂದಲೇ ಹಾಯುತ್ತದೆ, ಧ್ವನಿಯ ತಂತುಗಳಿಗೆ ತಾಗುವುದಿಲ್ಲ; ಆದ್ದರಿಂದ ರೋಗಿಗೆ ದನಿ ಹೊರಡುವುದಿಲ್ಲ. ದನಿ ಹೊರಟಿತೋ, ಕೊಳವೆ ಅನ್ನನಾಳದಲ್ಲಿದೆ ಎಂದರ್ಥ. ಹಾಗಾಗಿ ಪ್ರತಿ ಸಲ ಕೊಳವೆ ಇಳಿಸಿ "ಕೃಷ್ಣಾ ಅನ್ರಿ ತಾಯಿ" ಎನ್ನುತ್ತಿದ್ದೆ. ಪ್ರತಿ ಸಲವೂ ಮೂಗಿನಿಂದಲೋ ಗಂಟಲಿನಿಂದಲೋ ಒಂದು ಕೃಷ್ಣ ಕೇಳಿಸುತ್ತಿತ್ತು. ಕೃಷ್ಣನ ಹೆಸರು ಕೇಳಿ ಅಷ್ಟು ನಿರಾಶನಾದ ಮಾಧ್ವ ಬಹುಶಃ ನಾನೊಬ್ಬನೇ.

ಕೊನೆಗೊಂದು ಬೆಳಿಗ್ಗೆ ಬೆರಳ ತುದಿಗೆ ಆ ಮುಚ್ಚಳ ಚೆನ್ನಾಗಿ ಸಿಕ್ಕಿತು. ಅವರು ಉಸಿರು ಒಳಗೆಳೆದ ಕ್ಷಣಕ್ಕೆ ಕೊಳವೆ ಜಾರಿಸಿದೆ. ಒಂದು ಕೆಮ್ಮು ಬಂತು, ಆಮೇಲೆ ಕೊಳವೆಯ ಬಾಯಿಂದ ಸೊಂಯ್ ಎಂದು ಗಾಳಿ. "ಕೃಷ್ಣಾ ಅನ್ರಿ." ತುಟಿ ಅಲುಗಿದವು, ಸದ್ದಿಲ್ಲ. ಮತ್ತೊಮ್ಮೆ ಅನ್ನಿಸಿದೆ. ಗಾಳಿ ಮಾತ್ರ. ನಾನು ನಗುತ್ತ ಕಣ್ಣೊರೆಸಿಕೊಂಡೆ. ಹುಸೇನ್ ಸಾಬರು, "ಅಮ್ಮಾರ ಮಾತು ನಿಂತಿದ್ದು ಇದs ಮೊದಲು ನೋಡ್ರಿ," ಎಂದರು. ಕೊಳವೆ ಬಾಯಲ್ಲಿಟ್ಟುಕೊಂಡೇ ತುಂಗಮ್ಮ ಅವರನ್ನು ನೋಡಿದ ನೋಟದಲ್ಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎನ್ನುವುದು ಸ್ಪಷ್ಟವಾಗಿತ್ತು. ಇನ್ನಷ್ಟು ದಿನದ ರೂಢಿಯಾದ ಮೇಲೆ ಅವರು ಅದನ್ನು ಹೊತ್ತುಗಟ್ಟಲೆ ಸಹಿಸತೊಡಗಿದರು.

ಆಪರೇಷನ್ನಿನ ಬೆಳಿಗ್ಗೆ ಹನುಮಂತರಾಯರು ಹಣೆಗೆ ಅಂಗಾರ ಇಟ್ಟುಕೊಂಡು ಹನುಮಪ್ಪನ ಗುಡಿಗೆ ಪ್ರದಕ್ಷಿಣೆ ಹಾಕಲು ಹೋದರು. ಕೂತು ಕಾಯುವುದು ತಮ್ಮಿಂದ ಆಗದು, ಮುಗಿದ ಮೇಲೆ ಬರುತ್ತೇನೆ ಎಂದರು. ಗಂಗಕ್ಕ ಮಾತ್ರ ಅಂದು, ಬರುವುದಿಲ್ಲ ಎನ್ನುತ್ತಿದ್ದವರು, ಬಂದು ಪಡಸಾಲೆಯಲ್ಲಿ ಕೂತರು. ಬಾಗಿಲು ಮುಚ್ಚಿದೆವು. ತುಂಗಮ್ಮ ಮೇಜಿನ ಮೇಲೆ ಕೂತು ದೊಡ್ಡ ದನಿಯಲ್ಲಿ ವಿಷ್ಣುವಿನ ಹೆಸರುಗಳನ್ನು ಹೇಳತೊಡಗಿದರು. ಕೇಶವ, ನಾರಾಯಣ, ಮಾಧವ. ತೊದಲುವ ನಾಲಗೆಯಲ್ಲಿ ಅಷ್ಟು ಜೋರಾಗಿ ಯಾಕೆ ಹೇಳುತ್ತಾರೋ ಎಂದುಕೊಂಡೆ. ಧೈರ್ಯಕ್ಕಿರಬೇಕು ಎನಿಸಿತು. "ಇನ್ನ ಬಾಯಿ ತೆರೀರಿ ತಾಯಿ," ಎಂದಾಗ ಇನ್ನೂ ಒಂದೆರಡು ಹೆಸರು ಹೇಳಿ, ನಿಲ್ಲಿಸಿ, ಬಾಯಿ ತೆರೆದರು.

ಕೊಳವೆ ಮೊದಲ ಪ್ರಯತ್ನಕ್ಕೇ ಕೂತಿತು. ದನಿಯಿಲ್ಲ, ಗಾಳಿಯಿದೆ. ಅದರ ಹೊರತುದಿಗೆ ರಬ್ಬರಿನ ನಳಿಗೆ, ನಳಿಗೆಯ ತುದಿಗೆ ಬಟ್ಟೆ ಹೊದಿಸಿದ ಸಣ್ಣ ಬಟ್ಟಲು. ಗಂಟಲಲ್ಲಿ ಕೊಳವೆಯ ಸುತ್ತ ಧೋತರದ ಪಟ್ಟಿಗಳನ್ನು ತುಂಬಿ, ಬಟ್ಟೆಯ ಮೇಲೆ ಕ್ಲೋರೋಫಾರ್ಮ್ ಹನಿಸತೊಡಗಿದೆ. ಅವರು ನನ್ನ ಕಡೆ ನೋಡುತ್ತಲೇ ಇದ್ದರು. ಕೈ ಮೆಲ್ಲಗೆ ಕೊರಳಿಗೆ ಹೋಗಿ ತಾಳಿಯನ್ನು ಹಿಡಿಯಿತು. ಸ್ವಲ್ಪ ಹೊತ್ತಿಗೆ ಬೆರಳು ಸಡಿಲವಾದವು.

ಪಕ್ಕದ ತಟ್ಟೆಯಲ್ಲಿ ಟ್ರೇಕಿಯಾಟಮಿಯ ಚಾಕು ಸಿದ್ಧವಾಗಿತ್ತು. ನಾನು ಅದರ ಕಡೆ ನೋಡದೆ, ದೊರೆಗಳ ಕೈಯನ್ನೂ ನೋಡದೆ, ಕೊಳವೆಯ ಸದ್ದಿಗೆ ಕಿವಿಗೊಟ್ಟೆ. ಸೊಂಯ್, ಸೊಂಯ್. ದವಡೆಯ ಮೂಳೆಯ ಮೇಲೆ ಗರಗಸ ಆಡುವಾಗಲೂ ಅದೇ ಲಯ. ಪಟ್ಟಿಗಳು ಕೆಂಪಾದಂತೆ ಹುಸೇನ್ ಸಾಬರು ಮೇಲಿನವನ್ನು ತೆಗೆದು ಹೊಸದು ಇಡುತ್ತಿದ್ದರು. ಒಳಗಿನವು ಮಾತ್ರ ಅಲುಗಲಿಲ್ಲ.

ನಡುವೆ ಒಮ್ಮೆ ಸದ್ದು ನಿಂತಿತು.

ದೊರೆಗಳ ಕಣ್ಣು ತಟ್ಟೆಯ ಕಡೆ ಹೊರಳಿತು. ನಾನು ಬಟ್ಟಲಿಗೆ ಕೆನ್ನೆ ತಾಗಿಸಿದೆ. ಬೆಚ್ಚಗಿನ ಗಾಳಿ ತಾಗಿತು, ಹೋಯಿತು, ಮತ್ತೆ ತಾಗಿತು. ಆಗ ಅರಿವಾಯಿತು, ಸ್ಟೇಷನ್ನಿನ ಕಡೆ ಗೂಡ್ಸ್ ಗಾಡಿಯೊಂದು ಗಡಗಡಿಸುತ್ತ ಹಾಯುತ್ತಿದೆ. ಅದರ ಗದ್ದಲದಲ್ಲಿ ಈ ಸದ್ದು ಮುಳುಗಿತ್ತು, ಅಷ್ಟೇ. "ಉಸಿರು ಇದೆ," ಎಂದೆ. ದೊರೆಗಳು ಮತ್ತೆ ಕೆಲಸಕ್ಕೆ ಬಾಗಿದರು. ಕೆನ್ನೆಯನ್ನು ಅಲ್ಲೇ ಇಟ್ಟುಕೊಂಡದ್ದರಿಂದ ನನಗೂ ಸ್ವಲ್ಪ ಕ್ಲೋರೋಫಾರ್ಮ್ ಸೇರಿ, ತಲೆ ಹಗುರಾಗಿ, ಆ ಬೆಳಗಿನ ಉಳಿದ ಭಾಗವನ್ನು ನಾನು ಎಂದೂ ಇಲ್ಲದಷ್ಟು ನಿಶ್ಚಿಂತೆಯಿಂದ ಕಳೆದೆ.

ಗಡ್ಡೆ ಪೂರ್ತಿ ಬಂತು. ಗಾಯ ಹೊಲಿದು, ಪಟ್ಟಿಗಳನ್ನೆಲ್ಲ ಹೊರತೆಗೆದು ಎಣಿಸಿ, ಅವರು ಕೆಮ್ಮುವಷ್ಟು ಎಚ್ಚರವಾದ ಮೇಲೆ ಕೊಳವೆ ತೆಗೆದೆ. ತಾಳಿ ಇದ್ದಲ್ಲೇ ಇತ್ತು. ಹನುಮಂತರಾಯರು ಬಂದು ಬಾಗಿಲಲ್ಲಿ ನಿಂತು ಹೆಂಡತಿಯ ಎದೆ ಏರಿಳಿಯುವುದನ್ನೇ ನೋಡಿದರು. ಆಮೇಲೆ, "ಗಂಗಕ್ಕ ಎಲ್ಲಿ?" ಎಂದರು. ಪಡಸಾಲೆಯಲ್ಲಿ ಅವರಿರಲಿಲ್ಲ, ಗಾಡಿಯೂ ಇರಲಿಲ್ಲ. ಒಂದು ಗಳಿಗೆ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದ್ದರಲ್ಲ, ಹಾಗೇ ಹೋಗಿದ್ದಾರೆ ಎಂದುಕೊಂಡೆವು.

ಗಾಯ ಮಾಯುವವರೆಗೆ ಮಾತಾಡಕೂಡದೆಂದು ಕಟ್ಟಪ್ಪಣೆಯಾಗಿತ್ತು. ಕೊಕ್ಕಿನ ಬಟ್ಟಲಿನಿಂದ ಗಂಜಿ ಗಂಟಲಿಗೆ ಇಳಿಯತೊಡಗಿತು. ಮೊದಲ ರಾತ್ರಿಯೇ ಅವರು ದಿಂಬಿಗೆ ತಲೆಯಿಟ್ಟು ಮಲಗಿದರು. ಎಲ್ಲವೂ ಇಷ್ಟು ಸಲೀಸಾಗಿ ಆದದ್ದೇ ನನಗೆ ಹೊಸ ಚಿಂತೆಯಾಗಿತ್ತು.

ಕೆಲವು ದಿನ ಕಳೆದ ಮೇಲೆ ಹನುಮಂತರಾಯರ ತಮ್ಮ ಸಿರುಗುಪ್ಪದಿಂದ ಬಂದರು. ಕೆದರಿದ ಕೂದಲು, ಬತ್ತಿದ ಮುಖ. ಗೇಟಿನಲ್ಲಿ ಹುಸೇನ್ ಸಾಬರನ್ನು ಕಂಡು, ಅತ್ತಿಗೆಯ ದಹನ ಎಲ್ಲಿ ಆಯಿತು, ಅಸ್ಥಿ ಯಾರ ಹತ್ತಿರ ಇದೆ ಎಂದು ಕೇಳಿದರು.

"ಅಸ್ಥಿನೇನ್ರಿ?" ಎಂದರಂತೆ ಸಾಬರು. "ಒಳಗ ಗಂಜಿ ಕುಡಿಯಾಕ ಹತ್ತ್ಯಾವು, ಬರ್ರಿ ತೋರಸ್ತೀನಿ."

ಆಗ ತಿಳಿದ ಸಂಗತಿ ಇದು. ಆಪರೇಷನ್ನಿಗೆ ಮೊದಲು ಅಕ್ಕ ತಂಗಿ ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದರು. "ನಾ ಒಳಗ ದೇವರ ಹೆಸರು ಹೇಳ್ತಿರ್ತೀನಿ. ದನಿ ಕೇಳೂತನಕ ಅದೀನಿ ಅಂತ ತಿಳಕೋ," ಎಂದು ತುಂಗಮ್ಮ ಹೇಳಿದ್ದರಂತೆ. ಒಂದೆರಡು ಗಳಿಗೆಯ ಧೈರ್ಯಕ್ಕೆ ಹೇಳಿದ ಮಾತು; ಆಮೇಲೆ ನಿದ್ದೆ ಬರುತ್ತದೆ ಎನ್ನುವುದು ಅಕ್ಕನಿಗೆ ಗೊತ್ತಿದೆಯೆಂದೇ ಅವರು ತಿಳಿದಿದ್ದರು. ಗಂಗಕ್ಕ ನಿದ್ದೆಯಲ್ಲಾದರೂ ನರಳಾಟ ಕೇಳಬೇಕು ಎಂದು ಕಿವಿಯಿಟ್ಟು ಕೂತಿದ್ದರು. ಹುಟ್ಟಿದಾಗಿನಿಂದ ಒಂದು ಹೊತ್ತು ಸುಮ್ಮನಿರದ ತಂಗಿ, ಹೆಸರುಗಳ ನಡುವೆಯೇ ನಿಂತುಹೋಗಿದ್ದಳು. ನರಳಲಿಲ್ಲ, ಗೊರಕೆಯಿಲ್ಲ, ಏನೂ ಇಲ್ಲ. ಆಮೇಲೆ ಮೂಳೆ ಕೊಯ್ಯುವ ಸದ್ದು. ಬಾಗಿಲು ಬಡಿದು ಕೇಳಲು, ಬಂದವರ ಬಾಯಿಂದ ಆ ಮಾತು ಕೇಳಿಸಿಕೊಳ್ಳಲು, ಅವರಿಗೆ ಧೈರ್ಯವಾಗಲಿಲ್ಲ. ಗಾಡಿ ಹತ್ತಿ ಕುರುಗೋಡಿಗೆ ಹೋಗಿ ತಲೆಗೆ ನೀರು ಹಾಕಿಕೊಂಡರು. ಅಲ್ಲಿಂದ ಸಿರುಗುಪ್ಪಕ್ಕೆ ಆಳು ಹೋಯಿತು. ಅಲ್ಲಿ ಇಡೀ ಮನೆ ಸ್ನಾನ ಮಾಡಿ, ಒಲೆ ಆರಿಸಿ, ಸೂತಕ ಹಿಡಿದಿತ್ತು.

ತುಂಗಮ್ಮ ಮೈದುನ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ದೊರೆಗಳ ಅಪ್ಪಣೆಯನ್ನು ಮುರಿದು ಮೊದಲ ಮಾತಾಡಿದರು. ದನಿ ಒಡೆದಿತ್ತು, ಆದರೆ ಇತ್ತು. "ಅತ್ತಿಯವರು ಅತ್ತರೇನು?"

"ಅತ್ತರು ಅತ್ತಿಗಿ."

"ಹಂಗಾದ್ರ ಎರಡು ದಿನ ತಡದು ಹೋಗೂಣು."

ಗಾಯ ಮಾಯ್ದ ಮೇಲೆ ಸಿರುಗುಪ್ಪಕ್ಕೆ ಹೋದಾಗ ಪುರೋಹಿತರು ಹೊಸ್ತಿಲಲ್ಲೇ ತಡೆದರು. ಸತ್ತರೆಂದು ಸ್ನಾನ ಮಾಡಿದ ಮೇಲೆ ಅದೇ ಮನುಷ್ಯರನ್ನು ಹಾಗೇ ಒಳಗೆ ಕರೆಯುವಂತಿಲ್ಲ, ಮತ್ತೆ ಹುಟ್ಟಿದಂತೆ ಮಾಡಿ ಹೆಸರಿಡಬೇಕು ಎಂದರು. ಶಾಸ್ತ್ರದಲ್ಲಿ ಅದು ಎಷ್ಟರಮಟ್ಟಿಗೆ ಇದೆಯೋ ನಾನು ವಿಚಾರಿಸಿಲ್ಲ. ತುಂಗಮ್ಮ ಒಪ್ಪಿದರು. ಹೆತ್ತ ತಾಯಿಯ ಜಾಗದಲ್ಲಿ ಯಾರು ಕೂರಬೇಕೆಂಬ ಪ್ರಶ್ನೆ ಬಂದಾಗ, "ಸತ್ತ ಸುದ್ದಿ ತಂದಾಕಿನs ಹಡದಾಕಿ ಆಗಲಿ," ಎಂದು ಗಂಗಕ್ಕನವರ ತೊಡೆಯ ಮೇಲೆ ತಲೆಯಿಟ್ಟರು. ಗಂಗಕ್ಕ ಅಳುತ್ತಲೂ ನಗುತ್ತಲೂ ಇದ್ದರು. ಯಾವ ಹೆಸರು ಎಂದು ಪುರೋಹಿತರು ಕೇಳಿದರು.

"ತುಂಗಾ ಅಂತನs ಇಡ್ರಿ. ಹೊಸಾ ಹೆಸರಾದ್ರ ಬೈಲಿಕ್ಕೆ ಅತ್ತಿಯವರಿಗೆ ರೂಢಿ ಆಗೂದಿಲ್ಲ."

ಕೊನೆಗೆ ಸೂಲಗಿತ್ತಿಯ ಮರ್ಯಾದೆ. ಮೊರದ ತುಂಬ ಅಕ್ಕಿ, ಬೆಲ್ಲ, ಅದರ ಮೇಲೊಂದು ಹಸಿರು ಸೀರೆ. ತುಂಗಮ್ಮ ಅದನ್ನು ನನ್ನ ಮುಂದಿಟ್ಟು, "ಮೊದಲನೇ ಉಸಿರು ಕೊಟ್ಟವರು ನೀವು, ತಗೊಳ್ರಿ," ಎಂದರು. ತೆಗೆದುಕೊಂಡೆ. ಸರ್ಕಾರ ನನಗೆ ಈವರೆಗೆ ಯಾವ ಬಿರುದನ್ನೂ ಕೊಟ್ಟಿಲ್ಲ. ಸೀರೆಯನ್ನು ನನ್ನ ಹೆಂಡತಿ ಈಗಲೂ ಹಬ್ಬಕ್ಕೆ ಉಡುತ್ತಾಳೆ.

ಆ ಮೇಲೆ ಇನ್ನೂ ಕೆಲವರ ಗಂಟಲಿಗೆ ಕೊಳವೆ ಇಳಿಸಿದ್ದೇನೆ. ಏನೇನು ಕೆಡಬಹುದೆಂದು ಈಗಲೂ ಮೊದಲೇ ಯೋಚಿಸಿಕೊಳ್ಳುತ್ತೇನೆ. ಅದು ಬಿಡುವ ಚಾಳಿಯಲ್ಲ. ಅಂದು ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಮೇಜಿನ ಮೇಲಿದ್ದವರ ಉಸಿರು ಕೊಳವೆಯ ಒಳಗೆ ಸುರಕ್ಷಿತವಾಗಿತ್ತು, ಅದು ನಮಗೆಲ್ಲ ಗೊತ್ತಿತ್ತು. ಬಾಗಿಲಿನ ಆಚೆ ಕಿವಿಯಿಟ್ಟು ಕೂತವರಿಗೆ ಗೊತ್ತಿರಲಿಲ್ಲ. ಈಗ ಕೊಳವೆ ಕೈಗೆತ್ತಿಕೊಳ್ಳುವ ಮೊದಲು ಪಡಸಾಲೆಗೆ ಹೋಗಿ, ಅಲ್ಲಿದ್ದವರಿಗೆ ಎರಡು ಸಲ ಹೇಳಿ ಬರುತ್ತೇನೆ. ಇನ್ನು ಸ್ವಲ್ಪ ಹೊತ್ತು ಅವರ ದನಿ ಕೇಳಿಸುವುದಿಲ್ಲ. ಕೇಳಿಸಿದರೆ ಮಾತ್ರ ನಾವು ಹೆದರಬೇಕು.

ಅಂದು ಗಂಗಕ್ಕನವರಿಗೆ ಅದೊಂದನ್ನು ಯಾರೂ ಹೇಳಿರಲಿಲ್ಲ. ಕೆಟ್ಟುಹೋದದ್ದು ಅಷ್ಟೇ.